ದುಭಾಷಿಯ ದಿನಭತ್ಯೆ

"ಕಳವಾ ದಾಟಿದ ಮ್ಯಾಲ ಒಂದು ತಿರುವು ಬಂತ್ರಿ,
ಕೈ ತಪ್ಪಿತು" ಅಂದ ಯಮನೂರಪ್ಪ.
ಎಡ ಪ್ಯಾಂಟು ಮೊಣಕಾಲಿಗೇ ಮಡಚಿ
ಪಿನ್ನು ಚುಚ್ಚಿತ್ತು.

ರೈಲ್ವೆಯ ವಕೀಲರು ನಮ್ಮವರೇ, ಗೋಕಾಕದವರು.
ಥಟ್ಟನೆ ತಲೆಯೆತ್ತಿದರು:
"ತಪ್ಪು ಅಂದನಲ್ಲ, ಬರೆದುಕೊಳ್ಳಿ."

ಬಾಗಿಲಿಗೆ ಜೋತವರು ಎಷ್ಟು ಮಂದಿಯೋ,
ದಾಖಲೆಯಿಲ್ಲ.
ಪಾಸು ರಕ್ತ ಕುಡಿದು ತಾರೀಖು ನುಂಗಿದೆ.
ಚಪ್ಪಲಿಯೊಂದೇ ಪಂಚನಾಮೆಯಲ್ಲಿ ಸ್ಪಷ್ಟ:
ಕಂದು, ಎಂಟನೇ ನಂಬರು,
ಹಿಮ್ಮಡಿ ಸವೆದದ್ದು.

ಮಳೆ ತಪ್ಪುತ್ತದೆ, ತಾಳ ತಪ್ಪುತ್ತದೆ,
ಮಾತಿನ ನಡುವೆ ಎಳೆ ತಪ್ಪುತ್ತದೆ.
ನಮ್ಮ ಕನ್ನಡದಲ್ಲಿ
ಯಾರೂ ಮಾಡದೆಯೂ ಎಷ್ಟೊಂದು ತಪ್ಪುತ್ತವೆ, ಸ್ವಾಮಿ,
ಇದನ್ನು ಹಿಂದಿಗೆ ಹೇಗೆ ದಾಟಿಸಲಿ?

ದಾಟಿಸಿದೆ, ನನಗೆ ಬಂದಷ್ಟು.

ಸ್ಟೆನೋ ಬೆರಳು ನಿಲ್ಲಿಸಿ
ಕೇಳಿದಳು:
ಕೈ ಬಿಟ್ಟಿತೋ,
ಬಿಟ್ಟನೋ?