ಕಣ್ಣು ಬಂದದ್ದು

ಕಣ್ಣು ಬಂದಾವ, ಎಂದರು ಎಲ್ಲರೂ.
ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ ಹನ್ನೊಂದು ಮಷೀನು,
ಹತ್ತು ಮಷೀನು ನನ್ನಿಂದ ಒಂದು ಮಾರು ದೂರ ಸರಿದವು.
ಗೌಸ್ ಸಾಬರು ಬಾಗಿಲಲ್ಲೇ ನಿಂತು
"ಎರ್ರಿಸ್ವಾಮಿ, ನಾಕು ದಿನ ಮನಿ ಹಿಡಿ,
ಮದ್ರಾಸ್ ಐ ಎಲ್ಲರಿಗೂ ಹಚ್ಚಬ್ಯಾಡ" ಎಂದರು.

ಬಂದದ್ದು ಒಂದೇ ಕಣ್ಣು, ಎಡದ್ದು.
ಪಿಸುರಿಲ್ಲ, ರೆಪ್ಪೆ ಅಂಟಿಲ್ಲ, ತುರಿಕೆಯಿಲ್ಲ.
ಕರಿಗುಡ್ಡೆಯ ಸುತ್ತ ಒಂದು ಕೆಂಪು ಅಂಚು,
ಒಳಗೆ ಹಲ್ಲುನೋವಿನಂಥ ನೋವು.
ಮತ್ತೆ ಬೆಳಕು.
ಬಳ್ಳಾರಿಯ ಬೆಳಕು ಗೊತ್ತಲ್ಲ,
ಒಂಬತ್ತಕ್ಕೆಲ್ಲ ಗುಡ್ಡದ ಬಂಡೆ ಮೇಲೆ ಕಾದು
ಓಣಿಗಿಳಿದು ಬಾಗಿಲ ಸಂದಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ.
ಕಂಬಳಿ ಹೊದ್ದು ಕೂತೆ, ಮೇ ತಿಂಗಳಲ್ಲಿ.

ಮೊಲೆಹಾಲು ಬಿಡು ಎಂದಳು ಪಕ್ಕದ ಮನೆಯ ಮುದುಕಿ.
ಔಷಧಿ ಅಂಗಡಿಯ ಹುಡುಗ ಮೂವತ್ತು ರೂಪಾಯಿಯ ಹನಿ ಕೊಟ್ಟ.
ಆರನೆಯ ದಿನ ಬಲಗಣ್ಣು ಮುಚ್ಚಿ ನೋಡಿದೆ:
ಜೇಬಿನ ಮೇಲಿನ ಜೋಡಿ ಹೊಲಿಗೆ
ಕಲಸಿ ಒಂದೇ ಸಾಲು.

ದೊಡ್ಡಾಸ್ಪತ್ರೆ. ಗದ್ದ ಇಲ್ಲಿಡು, ಹಣೆ ಅಲ್ಲಿಡು.
ಸೀಳಿದ ಬೆಳಕೊಂದು ಒಳಗೆ ಹೊಕ್ಕಿತು.
"ಬಿಸಿಲುಕೋಲಿನಲ್ಲಿ ಧೂಳು ತೇಲುತ್ತದಲ್ಲ,
ನಿನ್ನ ಕಣ್ಣೊಳಗೂ ಹಾಗೆ" ಎಂದರು ಡಾಕ್ಟರಮ್ಮ.
ನನಗೆ ಗೊತ್ತು ಆ ಧೂಳು. ತಗಡಿನ ತೂತಿನಿಂದ ಬಿಸಿಲು ಬಿದ್ದಾಗ
ಶೆಡ್ಡಿನ ತುಂಬ ನೀಲಿ ಅರಳೆ.

ಆಮೇಲೆ ಕಣ್ಣು ಬಿಟ್ಟು ಬೇರೇನೋ ಕೇಳಿದರು,
"ಬೆನ್ನು ಹೇಗಿದೆ?"
ನಗು ಬಂತು. ಮಾಡಿಸಿದ್ದು ಕಣ್ಣಿನ ಚೀಟಿ.
"ಬೆಳಿಗ್ಗೆ ಏಳುವಾಗ?"
ನಗು ನಿಂತಿತು.

ನಾಲ್ಕು ಗಂಟೆಗೆ ಹಲಗೆಯಾಗಿ ಎಚ್ಚರಾಗುವುದು,
ಮಗ್ಗುಲು ಬದಲಿಸಲು ಗೋಡೆಯ ಗೂಟ ಹಿಡಿಯುವುದು,
ಹತ್ತರ ಹೊತ್ತಿಗೆ, ಪೆಡಲು ತುಳಿದೂ ತುಳಿದೂ,
ಸೊಂಟ ಮನುಷ್ಯರ ಸೊಂಟವಾಗುವುದು,
ಇದನ್ನು ಸುಂಕಮ್ಮನಿಗೂ ಹೇಳಿರಲಿಲ್ಲ.
ಮಲಗಿದರೆ ಹೆಚ್ಚು, ದುಡಿದರೆ ಕಡಿಮೆ,
ಇಂಥ ನೋವಿಗೆ ಯಾರು ರಜೆ ಕೊಡುತ್ತಾರೆ?

ರಕ್ತದಲ್ಲಿ ಬಿ ಇಪ್ಪತ್ತೇಳು ಸಿಕ್ಕಿತು,
ಜೀನ್ಸಿನ ಸೊಂಟದ ಸೈಜಿನಂಥ ಅಂಕಿ.
ನಾನು ನನಗೇ ಹೇಳಿಕೊಂಡದ್ದು ಹೀಗೆ:
ಒಳಗೊಬ್ಬ ದರ್ಜಿ ಇದ್ದಾನೆ,
ಬಟ್ಟೆ ಮುಗಿದದ್ದು ಅವನಿಗೆ ತಿಳಿದಿಲ್ಲ.
ಮೂಳೆಯನ್ನು ಮೂಳೆಗೆ ಹೊಲಿಯುತ್ತಾನೆ,
ಕಣ್ಣಪಾಪೆಯನ್ನು ಹಿಂದಿನ ಮಸೂರಕ್ಕೆ ಟಾಕು ಹಾಕುತ್ತಾನೆ.

ಗಂಟೆಗೊಂದು ಬಿಳಿ ಹನಿ, ಅಲ್ಲಾಡಿಸಿ.
ಪಾಪೆ ಅಗಲಿಸುವ ಹನಿ ಮೂರು ಹೊತ್ತು.
ಸುಂಕಮ್ಮ ಫೋನಿನಲ್ಲಿ ಅಲಾರಾಂ ಇಟ್ಟಳು,
ರಾತ್ರಿ ಎರಡಕ್ಕೂ ಅವಳ ಬೆರಳು ನನ್ನ ರೆಪ್ಪೆ ಮೇಲೆ.
ಒಂದೊಂದೇ ಟಾಕು ಬಿಚ್ಚಿತು.
ಕೆಳಗಿನ ಮೂಲೆಯಲ್ಲಿ ಒಂದು ಮಾತ್ರ ಬಿಚ್ಚಲಿಲ್ಲ.
ಕನ್ನಡಿಯಲ್ಲಿ ನೋಡಿದರೆ ಪಾಪೆ ದುಂಡಗಿಲ್ಲ,
ಹೊಸಬ ಹೊಲಿದು ಕೆಡಿಸಿದ ಕಾಜಾದಂತೆ.

"ಮನೆಯಲ್ಲಿ ಬೇರೆ ಯಾರಿಗಾದರೂ?"
ಅಪ್ಪ.
ನೆಲ ನೋಡುತ್ತಲೇ ನಡೆದು ಸತ್ತ ಮಾರೆಪ್ಪ.
ಏನ್ ಕಳದೈತೋ, ನಾಕಾಣೆಯಾ? ಎನ್ನುತ್ತಿದ್ದರು ಓಣಿಯ ಹುಡುಗರು.
ವರ್ಷಕ್ಕೊಮ್ಮೆ ಒಂದು ಕಣ್ಣು ಕೆಂಪಾಗುತ್ತಿತ್ತು,
ಕುಡಿದಾನ ಅಂದರು.
ಒಂದು ದಿನವೂ ಕುಡಿದವನಲ್ಲ.
ನಾನೂ ಅಂದಿದ್ದೆ.

ಈಗ ಕಪ್ಪು ಕನ್ನಡಕದಲ್ಲಿ ಕೆಲಸಕ್ಕೆ ಬಂದಿದ್ದೇನೆ.
ಹೀರೋ ಎನ್ನುತ್ತಾರೆ ಗೌಸ್ ಸಾಬರು, ಪೀಸ್ ರೇಟು ಅದೇ.
ಊಟದ ಹೊತ್ತಿಗೆ ಸಿರುಗುಪ್ಪಕ್ಕೆ ಫೋನು ಮಾಡಿದೆ.
ತಂಗಿ ಹಂಪಮ್ಮ, ಆರಕ್ಕೆ ಏಳುವುದಿಲ್ಲವೆಂದು
ಅತ್ತೆಯ ಬಾಯಲ್ಲಿ ಸೋಮಾರಿಯಾದವಳು.
"ಒಮ್ಮೆ ತೋರಿಸು, ಕಣ್ಣು ಬರೋ ತನಕ ಕಾಯಬ್ಯಾಡ."
"ನನ್ನ ಕಣ್ಣು ಚಲೋ ಅದಾವ ಬಿಡಣ್ಣ."
"ಕಣ್ಣಲ್ಲ. ಬೆನ್ನು. ಬೆಳಿಗ್ಗೆ."

ಆ ಕಡೆ ಪಾತ್ರೆಯ ಸದ್ದು ನಿಂತಿತು.
ಬಹಳ ಹೊತ್ತಿನ ಮೇಲೆ,
ದನಿ ತಗ್ಗಿಸಿ,
"ನಿನಗ್ಯಾರು ಹೇಳಿದರು?"