ಎಲ್ಲಿ ಒತ್ತಲಿ?

ಮಂಡಿಪೇಟೆಯಲ್ಲಿ ಹತ್ತಿಬೀಜದ ಅಂಗಡಿಯ ಮೇಲೆ
ಬಾಡಿಗೆಗೆ ಹಿಡಿದ ಕೋಣೆ. ಒಂದು ಮೇಜು, ಎರಡು ಕುರ್ಚಿ,
ಒಂದು ಫೋನು, ಅದರ ಮೇಲೆ ಕತ್ತು ಬಗ್ಗಿಸಿದ ಕ್ಯಾಮೆರಾ.
ಬಂದವರಿಗೆಲ್ಲ ನಾನು ಓದಿ ಹೇಳಬೇಕಾದ ಮಾತು ಒಂದೇ:
"ಪರೀಕ್ಷೆ ನಿಮಗಲ್ಲ, ಫೋನಿನೊಳಗಿನ ಈ ಚಪ್ಪಲಿ ಅಂಗಡಿಗೆ.
ತಪ್ಪಾದರೆ ಅದರದು."
ಪರೀಕ್ಷೆ ಎಂಬುದಷ್ಟೇ ಕಿವಿಗೆ ಬಿದ್ದು
ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಸುಳಿವು ಕೊಡುವ ಹಾಗಿಲ್ಲ.
"ಎಲ್ಲಿ ಒತ್ತಲಿ?" ಎಂದರೆ
"ನಿಮಗೆ ಎಲ್ಲಿ ಅನ್ನಿಸುತ್ತೆ?" ಎನ್ನಬೇಕು.
ದಿನವಿಡೀ ಹೀಗೆ ಅಂದು ಅಂದು
ರಾತ್ರಿ ಅಮ್ಮ ಸಾರಿಗೆ ಉಪ್ಪು ಸಾಕಾ ಎಂದರೂ
ನಿನಗೆ ಏನನ್ನಿಸುತ್ತೆ ಎಂದು ಬೈಸಿಕೊಂಡೆ.

ಮೊದಲು ಬಂದವರು ಕೊಟ್ರಬಸಪ್ಪ,
ಮುಚ್ಚಿಹೋದ ಮಿಲ್ಲಿನಲ್ಲಿ ಮೂವತ್ತು ವರ್ಷ ನೂಲು ತೆಗೆದವರು.
ಕೆಲಸ: ಮೊಮ್ಮಗನಿಗೆ ಶಾಲೆಯ ಕಪ್ಪು ಬೂಟು ಹುಡುಕುವುದು.
ಮೂಲೆಯಲ್ಲಿ ಮೂರು ಅಡ್ಡಗೆರೆ,
ಒತ್ತಿದರೆ ಇಡೀ ಅಂಗಡಿ ತೆರೆಯುತ್ತದೆ.
ಬೆರಳು ಅಲ್ಲಿಯವರೆಗೆ ಹೋಯಿತು, ನಿಂತಿತು, ಹಿಂದೆ ಬಂತು.
ಒಂದು ನಿಮಿಷ. ಎರಡು.
"ಏನು ಯೋಚನೆ ಮಾಡ್ತಿದೀರಿ?"
"ಇದು ವಿಭೂತಿ ಅಲ್ಲೇನವ್ವ?
ಮೆಟ್ಟು ಮಾರೋ ಅಂಗಡಿ ಹಣೆ ಮ್ಯಾಲೆ
ಯಾರು ಬಳಿದ್ರು ಇದನ್ನ?"
ತಮ್ಮ ಹಣೆ ಮುಟ್ಟಿಕೊಂಡು, ಕೈಕಟ್ಟಿ ಕೂತರು.
ವರದಿಯಲ್ಲಿ ಕಾರಣ ಬರೆಯುವ ಖಾನೆ ಅರ್ಧ ಬೆರಳು ಅಗಲ.
"ಮೆನು ಕಾಣಿಸಲಿಲ್ಲ" ಎಂದು ಬರೆದೆ.
ಸುಳ್ಳು. ಕಾಣಿಸಿತ್ತು, ಮಾಡಿದವರಿಗಿಂತ ಚೆನ್ನಾಗಿ.

ಹೊಲಿಗೆಯ ಗಂಗೂಬಾಯಿಗೆ ಎಡಗಾಲು ಆರು,
ಮಿಷನ್ ತುಳಿದ ಬಲಗಾಲು ಏಳು.
ಆರು ಒತ್ತಿದರೆ ಏಳು ಆರುತ್ತದೆ, ಏಳು ಒತ್ತಿದರೆ ಆರು.
"ಸವತಿಯರಂಗೆ ಆಡ್ತಾವಲ್ರೀ!"

ಪಾಲಿಟೆಕ್ನಿಕ್ಕಿನ ಹುಡುಗ ತಿಪ್ಪೇಶ
ಹನ್ನೊಂದು ಸೆಕೆಂಡಿನಲ್ಲಿ ಮುಗಿಸಿ
ದುಡ್ಡು ಈಗಲೇ ಕೊಡ್ತೀರಾ, ದೋಸೆ ಅಂಗಡಿ ಮುಚ್ಚುತ್ತೆ ಅಂದ.
ಅವನಿಂದ ನಾವು ಏನೂ ಕಲಿಯಲಿಲ್ಲ.

ಜೈತುನ್‌ಬೀ ಮಂಡಕ್ಕಿ ಭಟ್ಟಿಯಿಂದ ನೇರ ಬಂದಿದ್ದರು,
ಸೆರಗಿನ ಮಡಿಕೆಯಲ್ಲಿ ಹೊಟ್ಟು.
ಕೆಲಸ: ನಿಮಗೇ ಬೇಕಾದ ಚಪ್ಪಲಿ ಹುಡುಕಿ.
"ಕಾದ ಮರಳು ಒಳಗೆ ಬರಬಾರ್ದು. ಅಂಥಾದ್ದು."
ಪಟ್ಟಿ ತೆರೆದರು: ಬಣ್ಣ, ಬೆಲೆ, ಹಿಮ್ಮಡಿಯ ಎತ್ತರ,
ಮದುವೆಗೆ, ಆಫೀಸಿಗೆ, ಸಮುದ್ರ ತೀರಕ್ಕೆ.
"ಸಮುದ್ರದ ಹತ್ರ ಮರಳು ಇರ್ತದಲ್ಲ," ಅದನ್ನೇ ಒತ್ತಿದರು.
ಎಂಬತ್ತಾರು ಜೋಡಿ, ಎಲ್ಲವೂ
ಸುತ್ತ ಬಾಯಿ ತೆರೆದ ಬಣ್ಣಬಣ್ಣದ ಹವಾಯಿ.
ಒಂದೊಂದನ್ನೂ ನೋಡಿದರು, ಅವಸರವಿಲ್ಲದೆ.
ಆಮೇಲೆ ಫೋನನ್ನು ನನ್ನ ಕಡೆ ಸರಿಸಿ,
"ಅಲ್ಲಿ ಮರಳು ತಣ್ಣಗಿರ್ತದೇನೋ" ಅಂದರು.

ಅಷ್ಟರಲ್ಲಿ ಕರೆಂಟು ಹೋಯಿತು.
ಹೊರಗೆ ಬಿಡಿ ಎಂದು ಯಾರಿಗೂ ಹೇಳಿರಲಿಲ್ಲ,
ಆದರೂ ದಿನವಿಡೀ ಎಲ್ಲರೂ ಹೊಸ್ತಿಲಾಚೆಗೇ ಬಿಟ್ಟು ಬಂದಿದ್ದರು.
ಕತ್ತಲಲ್ಲಿ ಜೈತುನ್‌ಬೀಯ ಪಾದ ನೆಲ ತಡವಿದ ಸದ್ದು,
ಸಿಕ್ಕ ಸದ್ದು, ಮೆಟ್ಟಿಲಿಳಿದ ಸದ್ದು.
ನಾಲ್ಕು ಸೆಕೆಂಡು. ಅಭ್ಯಾಸ, ಎಣಿಸಿಬಿಟ್ಟೆ.
ಯಾವ ಮೆನುವೂ ಬೇಕಾಗಲಿಲ್ಲ ಎಂದು
ವರದಿಗೊಂದು ಕೊನೆಯ ಸಾಲು ಮನಸ್ಸಿನಲ್ಲೇ ಬರೆದು,
ಬೀಗ ಹಾಕಿ, ಕಾಲಿಟ್ಟರೆ
ನನ್ನದಲ್ಲ.
ಅದೇ ಕಪ್ಪು, ಅದೇ ಪಟ್ಟಿ, ಅರ್ಧ ಅಂಗುಲ ದೊಡ್ಡದು,
ಹೆಬ್ಬೆರಳ ಜಾಗದಲ್ಲಿ ಇನ್ನೊಬ್ಬರ ಗುಳಿ.

ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು ದಾಟುವ ತನಕ ಒಂಟಿಕಾಲಲ್ಲಿ ನಿಂತು ಕೊಡವಿದೆ.
ಉದುರಿದ್ದು ಉದುರಿತು, ಮಿಕ್ಕ ಕಾಳು ಮನೆಯವರೆಗೂ ಬಂತು.

ನಾಳೆ ಭಟ್ಟಿಗೆ ಹೋಗಬೇಕು.
ಯಾವ ಭಟ್ಟಿ? ನಮೂನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ.
ಅಲ್ಲಿ ಸಾಲು ಸಾಲು ಹೊಗೆ, ಎಲ್ಲ ಬಾಗಿಲೂ ಒಂದೇ ಥರ.
ಎಡಕ್ಕೋ ಬಲಕ್ಕೋ ಎಂದು ಕೇಳಿದಾಗ
ನಿಂಗೆ ಎಲ್ಲಿ ಅನ್ನಿಸ್ತದೆ ಅಂತ
ಯಾರೂ ಅನ್ನದಿದ್ದರೆ ಸಾಕು.