ಮೂರು ಮಗ್ಗುಲಿನ ಮೇಜು

(ಲಿಂತ್ ಕಣಿವೆಯ ಬಡಗಿ ಬಾಲ್ಟಸರ್, ಸರ್ಕಾರದ ಗುಮಾಸ್ತನಿಗೆ)

ಮೇಜು ಆಗಿದೆ, ಒಯ್ಯಿರಿ. ಅಕ್ರೋಟದ ಮರ,
ನೀವು ಬರೆದು ಕಳಿಸಿದಂತೆ ಮೂರೇ ಮಗ್ಗುಲು:
ಸರ್ಕಾರಕ್ಕೊಂದು, ಗಿರಣಿಯ ಧಣಿಗೊಂದು,
ದುಡಿಯುವ ಕೈಗೊಂದು.
ಗೆರೆ ಎಳೆಯುವಾಗ ನನ್ನ ಹುಡುಗ ಕೇಳಿದ:
ಅಪ್ಪಾ, ಇಂಥ ಮೇಜು ಯಾರ ತಲೆಯಲ್ಲಿ ಹುಟ್ಟಿತು?

ಪುಸ್ತಕದಲ್ಲಿ, ಅನ್ನುತ್ತಾರೆ ನಿಮ್ಮವರು.
ಧಣಿ ಕಾಸ್ಪಾರ್ ಎಲ್ಮರ್ ಜಿನೀವಾದಿಂದ ತರಿಸಿದ
ಫ್ರೆಂಚ್ ಪುಸ್ತಕದ ಅಂಚಿನಲ್ಲಿ ಗೀಚಿದ್ದನಂತೆ:
‘ನಾನೊಬ್ಬನೇ ಒಂದು ತಾಸು ಕಡಿದರೆ
ಹೊಳೆಯ ಕೆಳಗಿನವನ ಬಟ್ಟೆ ನನ್ನದಕ್ಕಿಂತ ಅಗ್ಗ.
ಅವನೂ ಕಡಿಯಬೇಕು, ಅವನಾಚೆಯವನೂ.
ಬೆಟ್ಟದಾಚೆಯ ರಾಜರೂ ಕೂತು
ಒಂದೇ ಗಡಿಯಾರಕ್ಕೆ ಕೀಲಿ ಕೊಡಬೇಕು.’
ಒಳ್ಳೆಯ ಮಾತು. ಲೆಕ್ಕದ ಮನುಷ್ಯ,
ಕರುಣೆಯನ್ನೂ ಕೂಡಿ ಕಳೆದೇ ಬರೆದ.

ನನ್ನಜ್ಜಿ ವೆರೇನಾ ಇದನ್ನು ಒಪ್ಪುತ್ತಿರಲಿಲ್ಲ.
ಅಚ್ಚಿನ ಮನೆಯಲ್ಲಿ ಮೂವತ್ತು ವರ್ಷ
ಬಟ್ಟೆಗೆ ಹೂವೊತ್ತಿದವಳು, ಮೊಣಕೈತನಕ ನೀಲಿ.
ಒಂದು ಚಳಿಗಾಲದ ರಾತ್ರಿ ಬಣ್ಣ ಬಳಿಯುವ ಪೋರ,
ಎಂಟು ವರ್ಷದ ಯೋಸ್ಟ್, ನಿಂತಲ್ಲೇ ತೂಕಡಿಸಿ
ಬಣ್ಣದ ತಟ್ಟೆಗೆ ಕೆನ್ನೆಯಿಟ್ಟು ನಿದ್ದೆಹೋದ.
ಯಾರೂ ಎಬ್ಬಿಸಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ
ಅಚ್ಚು ಕೆಳಗಿಟ್ಟರು, ಸದ್ದಾಗದಂತೆ.
ಆ ಸದ್ದಿಲ್ಲದಿರುವುದೇ ಕಿವಿಗೆ ಬಡಿದು
ಧಣಿ ಮೆಟ್ಟಿಲಿಳಿದು ಬಂದ,
ಕೈಯಲ್ಲಿ ಪುಸ್ತಕ, ಬೆರಳು ಪುಟದ ನಡುವೆ.

ಯೋಸ್ಟನ ಅರ್ಧ ಮುಖ ಈಸ್ಟರ್ ತನಕ ನೀಲಿಯಿತ್ತು.
ಬಯಲಲ್ಲಿ ಊರು ಸೇರಿ, ಕೈಯೆತ್ತಿ
ಕಾನೂನು ಮಾಡಿದ ದಿನ ಅಜ್ಜಿ ಬೇಲಿಯಾಚೆ.
ಹೆಂಗಸರ ಕೈ ಲೆಕ್ಕಕ್ಕಿರಲಿಲ್ಲ.
ಆದರೂ ಎತ್ತಿದಳಂತೆ.
ದೂರದಿಂದಲೂ ಕಾಣುವ ಕೈ ಅದು.

ಇರಲಿ, ಮೇಜಿನ ಮಾತಿಗೆ ಬರೋಣ.
ಇದಕ್ಕೆ ಕಾಲೂ ಮೂರೇ ಇಟ್ಟಿದ್ದೇನೆ.
ನಾಲ್ಕು ಕಾಲಿನದರಲ್ಲಿ ಒಂದು ಗಿಡ್ಡವಾದರೆ
ಕುಂಟುತ್ತದೆ, ಕಟಕಟ ಎಂದು ತಾನೇ ದೂರುತ್ತದೆ.
ಮೂರು ಕಾಲಿನದು ಎಂಥ ನೆಲದಲ್ಲೂ ಅಲುಗುವುದಿಲ್ಲ.
ನನಗೆ ಅದೇ ಹೆದರಿಕೆ.
ಒಂದು ಕಾಲು ಸವೆದರೂ ಗಟ್ಟಿಯಾಗೇ ನಿಂತಿರುತ್ತದೆ,
ವಾಲಿಕೊಂಡು.
ಮಸಿಕುಡಿಕೆ ಮೆಲ್ಲಗೆ ಜಾರುತ್ತದೆ ಒಬ್ಬರ ಕಡೆಗೆ.
ಕೂತವರು ಮೇಜು ತಟ್ಟಿ ಅನ್ನುತ್ತಾರೆ: ಎಷ್ಟು ಭದ್ರ!

ಅದಕ್ಕೇ ಖಾನೆಯಲ್ಲಿ ಒಂದು ಒಣ ಬಟಾಣಿ ಹಾಕಿದ್ದೇನೆ.
ಕೂರುವ ಮುನ್ನ ಮೇಜಿನ ನಡುವೆ ಇಡಿ.
ಉರುಳಿತೋ, ಸಹಿ ಹಾಕಬೇಡಿ.
ನನಗೆ ಹೇಳಿಕಳಿಸಿ, ಉಳಿ ಹಿಡಿದು ಬರುತ್ತೇನೆ.

ಅಂದ ಹಾಗೆ,
ಈ ಮೇಜಿನ ಕೂಲಿ ಇನ್ನೂ ಬಂದಿಲ್ಲ.